ಹಂಗಿನ ಬಾಲ್ಯ: ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನ ಮೊದಲ ಕಾದಂಬರಿ ‘ಆಶುಕವಿ’

ಡೆನ್ಮಾರ್ಕ್ ದೇಶದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನು (೧೮೦೫–೧೮೭೫) ನಮ್ಮಲ್ಲಿ ಮಕ್ಕಳ ಕಥೆಗಾರನೆಂದೇ ಪರಿಚಿತನು. ಕುರೂಪಿಯಾದ ಬಾತುಮರಿ, ಬೆಂಕಿಕಡ್ಡಿ ಮಾರುವ ಹುಡುಗಿ, ಚಕ್ರವರ್ತಿಯ ಹೊಸ ಉಡುಪು ಮೊದಲಾದ ಕಥೆಗಳನ್ನು ಒಂದಲ್ಲ ಒಂದು ರೂಪದಲ್ಲಿ ಕೇಳದವರು ವಿರಳ. ಆದರೆ ಡೆನ್ಮಾರ್ಕಿನ ಹೊರಗೆ ಆತನಿಗೆ ಮೊದಲು ಹೆಸರು ತಂದುಕೊಟ್ಟ ಕೃತಿ ಒಂದು ಕಾದಂಬರಿ. ೧೮೩೫ರ ಏಪ್ರಿಲ್ ತಿಂಗಳಲ್ಲಿ ಕೋಪನ್‌ಹೇಗನ್ನಿನಲ್ಲಿ ಪ್ರಕಟವಾದ ಆ ಗ್ರಂಥಕ್ಕೆ ‘ಇಂಪ್ರೊವಿಸಾತೋರೆನ್’ ಎಂದು ಹೆಸರು. ಕೊಟ್ಟ ವಸ್ತುವನ್ನು ಹಿಡಿದು ಸಭೆಯ ಮುಂದೆ ಆಗಿಂದಾಗಲೇ ಕವಿತೆ ಕಟ್ಟಿ ಹಾಡುವವನು ಎಂದು ಅದರ ಅರ್ಥ. ನಮ್ಮ ‘ಆಶುಕವಿ’ ಎಂಬ ಮಾತು ಅದಕ್ಕೆ ಸಲೀಸಾಗಿ ಹೊಂದುತ್ತದೆ. ಕಾದಂಬರಿ ಹೊರಬಿದ್ದ ಮರುತಿಂಗಳು, ಅಂದರೆ ಮೇ ೧೮೩೫ರಲ್ಲಿ, ಆತನ ಕಥೆಗಳ ಮೊದಲ ಕಿರುಹೊತ್ತಗೆಯೂ ಬಂದಿತು.

ಈ ಕಾದಂಬರಿಯನ್ನು ಆಂಡರ್ಸನ್ನನ ಬಾಲ್ಯದೊಡನೆ ಹೋಲಿಸಿ ಓದುವುದು ವಿಮರ್ಶೆಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಇಂಥಲ್ಲಿ ಇಂಥವನು ಇಂಥವನೆಂದು ಪಟ್ಟಿಮಾಡಿ ಕೃತಿಯ ಕೀಲಿಕೈ ದೊರೆಯಿತೆಂದು ತೃಪ್ತಿಪಡುವವರು ಅನೇಕರು. ನಮ್ಮ ವಿದ್ಯಾರ್ಥಿಗಳೂ ಈ ಸುಲಭಮಾರ್ಗಕ್ಕೆ ಬೇಗ ಮನಸೋಲುತ್ತಾರೆ. ಜೀವನಚರಿತ್ರೆಯು ಕೃತಿಯ ಅಧ್ಯಯನಕ್ಕೆ ಎಷ್ಟರಮಟ್ಟಿಗೆ ಸಹಾಯಕ, ಎಲ್ಲಿ ಅದು ದಾರಿ ತಪ್ಪಿಸುತ್ತದೆ ಎಂಬುದನ್ನು ಈ ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು: ಆಂಡರ್ಸನ್ನನು ಬಾಲ್ಯದಲ್ಲಿ ಕಂಡದ್ದಕ್ಕಿಂತ ಹೆಚ್ಚಾಗಿ, ಆ ಬಾಲ್ಯದ ಬಗ್ಗೆ ತನ್ನ ಊರಿನಲ್ಲಿ ಆಡಲಾರದೆ ಉಳಿದ ಮಾತು ಈ ಕಾದಂಬರಿಯಲ್ಲಿ ಹೊರಬಂದಿದೆ.

೧

ಆಂಡರ್ಸನ್ನನು ಜನಿಸಿದುದು ೧೮೦೫ನೆಯ ಏಪ್ರಿಲ್ ೨ರಂದು, ಫ್ಯೂನ್ ದ್ವೀಪದ ಓಡೆನ್ಸ ಪಟ್ಟಣದಲ್ಲಿ. ತಂದೆ ಪಾದರಕ್ಷೆ ಹೊಲಿಯುವ ಕಸುಬಿನವನು. ಬಡವನಾದರೂ ಓದಿನ ಹಂಬಲವುಳ್ಳವನು. ಹೋಲ್ಬರ್ಗನ ನಾಟಕಗಳನ್ನೂ ಅರೇಬಿಯದ ಇರುಳುಕಥೆಗಳನ್ನೂ ಮಗನಿಗೆ ಓದಿಹೇಳುತ್ತಿದ್ದನು. ಆಟದ ಬೊಂಬೆರಂಗವೊಂದನ್ನು ಮಾಡಿಕೊಟ್ಟಿದ್ದನು. ನೆಪೋಲಿಯನ್ನನ ಯುದ್ಧಕಾಲದಲ್ಲಿ ಬೇರೊಬ್ಬನಿಗೆ ಬದಲಾಗಿ ಹಣ ಪಡೆದು ಸೈನ್ಯ ಸೇರಿದ ಆತನು ದೇಹಾರೋಗ್ಯ ಕಳೆದುಕೊಂಡು ಹಿಂದಿರುಗಿ ೧೮೧೬ರಲ್ಲಿ ತೀರಿಕೊಂಡನು. ಆಗ ಮಗನಿಗೆ ಹನ್ನೊಂದು ವರ್ಷ. ತಂದೆಯ ತಂದೆಗೆ ಬುದ್ಧಿಭ್ರಮೆ. ಮರದಲ್ಲಿ ವಿಚಿತ್ರ ಮೃಗಗಳನ್ನು ಕೆತ್ತಿಕೊಂಡು ತಿರುಗುತ್ತಿದ್ದ ಆ ಮುದುಕನನ್ನು ಬೀದಿಯ ಹುಡುಗರು ಕೂಗಿ ಅಣಕಿಸುವಾಗ ಮೊಮ್ಮಗನು ಮೆಟ್ಟಿಲ ಹಿಂದೆ ಅಡಗಿ ನಿಲ್ಲುತ್ತಿದ್ದನು. ಅದೇ ಹುಚ್ಚು ತನಗೂ ಬರಬಹುದೆಂಬ ಅಂಜಿಕೆ ಆಂಡರ್ಸನ್ನನನ್ನು ಜೀವಮಾನವೆಲ್ಲ ಕಾಡಿತು.

ತಾಯಿ ಆನಾ ಮಾರಿಯಾ ಅಕ್ಷರ ಬಾರದವಳು. ಎಳೆತನದಲ್ಲಿ ಆಕೆಯನ್ನು ಭಿಕ್ಷೆಗೆ ಅಟ್ಟುತ್ತಿದ್ದರೆಂದೂ, ಬೇಡಲು ನಾಲಗೆ ಬಾರದೆ ಓಡೆನ್ಸ ಹೊಳೆಯ ಸೇತುವೆಯ ಕೆಳಗೆ ಕುಳಿತು ದಿನವೆಲ್ಲ ಅಳುತ್ತಿದ್ದಳೆಂದೂ ಮಗನು ಬರೆದಿದ್ದಾನೆ. ವಿವಾಹಕ್ಕೆ ಮುಂಚೆ ಆಕೆಗೆ ಕಾರೆನ್ ಮಾರಿಯಾ ಎಂಬ ಮಗಳೊಬ್ಬಳು ಹುಟ್ಟಿದ್ದಳು. ಗಂಡನು ಸತ್ತ ಮೇಲೆ ಪರರ ಬಟ್ಟೆ ಒಗೆದು ಹೊಟ್ಟೆ ಹೊರೆದಳು. ಮೊಣಕಾಲುಮಟ್ಟ ತಣ್ಣೀರಿನಲ್ಲಿ ನಿಂತು ದುಡಿಯುವವರಿಗೆ ಹೊಟ್ಟೆಗಿಳಿದ ಮದ್ಯವೊಂದೇ ಬಿಸಿ. ಚಳಿಗೆಂದು ಹಿಡಿದ ಅಭ್ಯಾಸವು ಚಟವಾಗಿ ಆಕೆಯನ್ನು ನುಂಗಿತು. ಕೊನೆಗಾಲದಲ್ಲಿ ಓಡೆನ್ಸದ ಒಂದು ಧರ್ಮಶಾಲೆಯಲ್ಲಿದ್ದು ೧೮೩೩ರ ಅಕ್ಟೋಬರಿನಲ್ಲಿ ಅಲ್ಲಿಯೇ ಮೃತಳಾದಳು.

ಹುಡುಗನು ೧೮೧೯ರ ಸೆಪ್ಟೆಂಬರಿನಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ನಟನಾಗುವ ಆಸೆಯಿಂದ ಕೋಪನ್‌ಹೇಗನ್ನಿಗೆ ಒಬ್ಬಂಟಿಗನಾಗಿ ಹೊರಟನು. ಮೂರು ವರ್ಷ ಅವರಿವರ ಮನೆಗಳಲ್ಲಿ ಹಾಡಿ, ಪದ್ಯ ಒಪ್ಪಿಸಿ, ನಟಿಸಿ ತೋರಿಸಿ ಕಾಲ ಕಳೆದನು. ಕಡೆಗೆ ರಾಜರಂಗಮಂದಿರದ ನಿರ್ದೇಶಕರಲ್ಲೊಬ್ಬನೂ ಉನ್ನತ ಅಧಿಕಾರಿಯೂ ಆಗಿದ್ದ ಯೋನಾಸ್ ಕೊಲಿನ್ನನು ದೊರೆಯ ಧನಸಹಾಯ ದೊರಕಿಸಿ, ೧೮೨೨ರಲ್ಲಿ ಆತನನ್ನು ಸ್ಲಾಗೆಲ್ಸೆಯ ಲ್ಯಾಟಿನ್ ಶಾಲೆಗೆ ಕಳುಹಿಸಿದನು. ಹದಿನೇಳು ವರ್ಷದ ಉದ್ದನೆಯ ಹುಡುಗನು ತನಗಿಂತ ಬಹಳ ಚಿಕ್ಕವರಾದ ಮಕ್ಕಳ ಸಾಲಿನಲ್ಲಿ ಕುಳಿತನು. ಶಾಲೆಯ ಮುಖ್ಯಸ್ಥನಾದ ಸೀಮೊನ್ ಮೈಸ್ಲಿಂಗನು ಸ್ವತಃ ಪ್ರಾಚೀನ ಸಾಹಿತ್ಯದ ಪಂಡಿತ, ಅನುವಾದಕ. ಶಿಷ್ಯನನ್ನು ದಡ್ಡನೆಂದು ಎಲ್ಲರೆದುರು ಹಂಗಿಸುವುದೂ ಕವಿತೆ ಬರೆಯದಂತೆ ತಡೆಯುವುದೂ ಆತನ ಶಿಕ್ಷಣಕ್ರಮವಾಗಿದ್ದವು. ೧೮೨೭ರಲ್ಲಿ ಕೊಲಿನ್ನನು ಹುಡುಗನನ್ನು ಅಲ್ಲಿಂದ ಬಿಡಿಸಿದನು. ಆ ಶಾಲೆಯ ಕನಸು ಬಿದ್ದು ಆಂಡರ್ಸನ್ನನು ಮುಪ್ಪಿನಲ್ಲಿಯೂ ಬೆಚ್ಚಿಬೀಳುತ್ತಿದ್ದನು.

೨

ಕೊಲಿನ್ ಕುಟುಂಬವು ಅನಂತರ ಆತನಿಗೆ ತನ್ನ ಮನೆಯಾಯಿತು. ಆದರೆ ಪೂರ್ತಿಯಾಗಿ ಆಗಲಿಲ್ಲ. ೧೮೩೧ರಲ್ಲಿ ಆಂಡರ್ಸನ್ನನು ಯೋನಾಸನ ಮಗ ಎಡ್ವರ್ಡನಿಗೆ ಪತ್ರ ಬರೆದು, ಇನ್ನು ಮುಂದೆ ಪರಸ್ಪರ ಏಕವಚನದಲ್ಲಿ ಮಾತಾಡಿಕೊಳ್ಳೋಣವೆಂದು ಬೇಡಿಕೊಂಡನು. ಎಡ್ವರ್ಡನು ವಿನಯದಿಂದಲೇ ನಿರಾಕರಿಸಿದನು. ‘ನೀನು’, ‘ನೀವು’ಗಳ ಭಾರವನ್ನು ಬಲ್ಲ ಕನ್ನಡ ಓದುಗರಿಗೆ ಈ ನಿರಾಕರಣೆಯ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಹುವಚನವು ಇಲ್ಲಿ ಗೌರವದ ಹೆಸರಿನಲ್ಲಿ ಇಟ್ಟ ದೂರ.

೧೮೩೩ರಲ್ಲಿ ರಾಜಾನುದಾನ ಪಡೆದು ಆಂಡರ್ಸನ್ನನು ಜರ್ಮನಿ, ಪ್ಯಾರಿಸ್, ಸ್ವಿಟ್ಸರ್ಲೆಂಡುಗಳ ಮೂಲಕ ಇಟಲಿಗೆ ಹೋದನು. ಆ ಅಕ್ಟೋಬರಿನಲ್ಲಿ ರೋಮ್ ನಗರವನ್ನು ಸೇರಿದನು. ತಾಯಿಯ ಮರಣವಾರ್ತೆ ಯೋನಾಸ್ ಕೊಲಿನ್ನನ ಪತ್ರದ ಮೂಲಕ ಆತನಿಗೆ ಅಲ್ಲಿ ಮುಟ್ಟಿದುದು ಡಿಸೆಂಬರಿನಲ್ಲಿ. ಅದೇ ಡಿಸೆಂಬರಿನ ಕೊನೆಯಲ್ಲಿ ಆತನು ಈ ಕಾದಂಬರಿಯನ್ನು ಬರೆಯಲು ತೊಡಗಿದನು. ಕೆಲವೇ ದಿನಗಳಲ್ಲಿ, ೧೮೩೪ರ ಆರಂಭದಲ್ಲಿ, ಎಡ್ವರ್ಡನ ಇನ್ನೊಂದು ಪತ್ರ ಬಂದಿತು. ಆಂಡರ್ಸನ್ನನು ಪ್ರವಾಸದಲ್ಲಿ ಬರೆದು ಮುಗಿಸಿ ಆಶೆಯಿಂದ ಕಳುಹಿಸಿದ್ದ ‘ಆಗ್ನೇತೆ ಮತ್ತು ಜಲಪುರುಷ’ ಎಂಬ ನಾಟ್ಯಕಾವ್ಯವನ್ನು ಆ ಪತ್ರವು ಕಠಿನವಾಗಿ ಖಂಡಿಸಿತ್ತು. ಹೆತ್ತ ತಾಯಿಯನ್ನು ಕಳೆದುಕೊಂಡ ಸುದ್ದಿಯೂ, ಸಾಕಿದ ಮನೆಯಿಂದ ಬಂದ ಛೀಮಾರಿಯೂ ಈ ಕಾದಂಬರಿಯ ಹುಟ್ಟಿನ ಎರಡು ಬದಿಗಳಲ್ಲಿ ನಿಂತಿವೆ. ಕೃತಿಯ ವಸ್ತುವೂ ಈ ಎರಡರ ಸುತ್ತಲೇ ಬೆಳೆದಿದೆ.

೩

ಕಥೆಯನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗೆ. ನಾಯಕನಾದ ಆಂಟೋನಿಯೊ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಆತನು ರೋಮಿನ ಬರ್ಬೆರಿನಿ ಚೌಕದ ಬಳಿ ಬಡ ವಿಧವೆಯೊಬ್ಬಳ ಒಬ್ಬನೇ ಮಗ. ಮನೆಯಲ್ಲಿ ಬಾಡಿಗೆಗಿರುವ ಫೆದೆರಿಗೊ ಎಂಬ ಡೇನಿಷ್ ಚಿತ್ರಕಾರನು ಹುಡುಗನ ಮಿತ್ರ. ಜೆನ್ಜಾನೊ ಊರಿನ ಹೂವಿನ ಹಬ್ಬಕ್ಕೆ ಹೋದಾಗ ಬೆದರಿದ ಕುದುರೆಗಳ ಗಾಡಿಗೆ ಸಿಕ್ಕಿ ತಾಯಿ ಸಾಯುತ್ತಾಳೆ. ಸ್ಪೇನಿಷ್ ಮೆಟ್ಟಿಲುಗಳ ಮೇಲೆ ಭಿಕ್ಷೆ ಬೇಡುವ ಹೆಳವನಾದ ಪೆಪ್ಪೊ ಮಾವನು ಹುಡುಗನನ್ನು ವಶಪಡಿಸಿಕೊಳ್ಳುತ್ತಾನೆ. ಅವನಿಂದ ತಪ್ಪಿಸಿಕೊಂಡ ಹುಡುಗನನ್ನು ಕಂಪಾನ್ಯ ಬಯಲಿನ ಮುದುಕಿ ದೊಮೆನಿಕಾ ಸಾಕುತ್ತಾಳೆ. ಕೆರಳಿದ ಕೋಣದಿಂದ ಒಬ್ಬ ಶ್ರೀಮಂತನನ್ನು ಪಾರುಮಾಡಿದ ಪುಣ್ಯದಿಂದ ಆಂಟೋನಿಯೊಗೆ ಬೊರ್ಗೆಸೆ ಮನೆತನದ ಆಶ್ರಯವೂ ಜೆಸುಯಿಟ್ ಶಾಲೆಯ ವಿದ್ಯೆಯೂ ಲಭಿಸುತ್ತವೆ. ಮುಂದೆ ಅನುನ್ಸಿಯಾತಾ ಎಂಬ ಗಾಯಕಿಯಲ್ಲಿ ಪ್ರೇಮ, ಆಕೆಯ ಕಾರಣ ಗೆಳೆಯ ಬೆರ್ನಾರ್ದೊನೊಡನೆ ದ್ವಂದ್ವಯುದ್ಧ, ನೇಪಲ್ಸಿಗೆ ಪಲಾಯನ, ಅಲ್ಲಿ ರಂಗದ ಮೇಲೆ ಆಶುಕವಿಯಾಗಿ ವಿಜಯ. ಮರಳಿ ರೋಮಿನ ಆಶ್ರಯದಾತರ ಮನೆಯಲ್ಲಿ ಆರು ವರ್ಷ. ಕೊನೆಗೆ ವೆನಿಸಿನಲ್ಲಿ ಮಾರಿಯಾಳ ಭೇಟಿ, ವಿವಾಹ, ಸುಖಾಂತ್ಯ.

ಈ ಚೌಕಟ್ಟು ಆಂಡರ್ಸನ್ನನ ಸ್ವಂತ ಸೃಷ್ಟಿಯೇನೂ ಅಲ್ಲ. ಇಟಲಿಯ ದೃಶ್ಯಗಳನ್ನೂ ಪ್ರೇಮಕಥೆಯನ್ನೂ ಹೆಣೆದು ಆಶುಕವಯಿತ್ರಿಯೊಬ್ಬಳನ್ನು ನಾಯಕಿಯನ್ನಾಗಿ ಮಾಡಿದ ಮಾದಾಂ ದ ಸ್ತಾಲಳ ‘ಕೊರಿನ್’ (೧೮೦೭) ಯುರೋಪಿನಲ್ಲೆಲ್ಲ ಪ್ರಸಿದ್ಧವಾಗಿದ್ದಿತು. ಕೃತಿಯ ಎಲ್ಲ ಅಂಶಗಳಿಗೂ ಬಾಲ್ಯದಲ್ಲಿ ಮೂಲ ಹುಡುಕುವವರು ಈ ಸಾಹಿತ್ಯಕ ಋಣವನ್ನು ನೆನಪಿನಲ್ಲಿಡಬೇಕು. ಸಿದ್ಧವಾಗಿದ್ದ ಈ ಚೌಕಟ್ಟಿನೊಳಗೆ ಆಂಡರ್ಸನ್ನನು ತನ್ನದೇ ಆದ ಏನನ್ನು ತಂದು ಕೂರಿಸಿದನೆಂಬುದೇ ವಿಚಾರಾರ್ಹವಾದ ಪ್ರಶ್ನೆ.

೪

ಮೊದಲು ತಾಯಿಯ ಚಿತ್ರವನ್ನು ನೋಡೋಣ. ನಿಜಜೀವನದ ತಾಯಿ ಬಹುಕಾಲ ಕುಡಿತದಲ್ಲಿ ಕರಗಿ, ಮಗನು ದೂರದಲ್ಲಿರುವಾಗ, ಧರ್ಮಶಾಲೆಯಲ್ಲಿ ಸತ್ತಳು. ಕಾದಂಬರಿಯ ತಾಯಿ ಹೂವಿನ ಹಬ್ಬದ ದಿನ, ಬೀದಿಯ ತುಂಬ ಹೂವಿನ ಹಾಸು ಹರಡಿರುವಾಗ, ಮಗನ ಕಣ್ಣೆದುರಿನಲ್ಲಿ, ಒಂದು ಕ್ಷಣದಲ್ಲಿ ಸಾಯುತ್ತಾಳೆ. ಆಕೆಯಲ್ಲಿ ಕುಡಿತವಿಲ್ಲ, ಆಕೆಗೆ ಮರುಮದುವೆಯಿಲ್ಲ, ವಿವಾಹಕ್ಕೆ ಮುಂಚಿನ ಮಗಳಿಲ್ಲ. ವಾಸ್ತವದಲ್ಲಿ ನಾಚಿಕೆಯೆಂದು ಆಂಡರ್ಸನ್ನನು ಭಾವಿಸಿದ್ದೆಲ್ಲವೂ ತೊಳೆದುಹೋಗಿದೆ. ಇಷ್ಟನ್ನೇ ಗಮನಿಸಿದರೆ ಇದೊಂದು ಮರೆಮಾಚುವ ಕೆಲಸವೆಂದು ತೋರುವುದು ಸಹಜ.

ಆದರೆ ತಾಯಿಯು ಕಾದಂಬರಿಯಿಂದ ಅಷ್ಟು ಸುಲಭವಾಗಿ ಮರೆಯಾಗುವುದಿಲ್ಲ. ಮುದುಕಿ ದೊಮೆನಿಕಾಳ ಪಾತ್ರದಲ್ಲಿ ತನ್ನ ತಾಯಿಯ ಸ್ವಭಾವದ ಒಂದು ಮುಖವನ್ನು ಚಿತ್ರಿಸಿದೆನೆಂದು ಆಂಡರ್ಸನ್ನನೇ ಮುಂದೆ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಹೆತ್ತವಳು ಒಬ್ಬಳು, ಸಾಕಿದವಳು ಇನ್ನೊಬ್ಬಳು ಎಂದು ತಾಯಿಯನ್ನು ಎರಡಾಗಿ ಸೀಳಿದುದರ ಪರಿಣಾಮವನ್ನು ನೋಡಬೇಕು. ಪಾಳುಬಿದ್ದ ಪ್ರಾಚೀನ ಸಮಾಧಿಯೊಂದನ್ನೇ ಮನೆಮಾಡಿಕೊಂಡ ದೊಮೆನಿಕಾ ಬಡವಳು, ಓದುಬರಹ ಕಾಣದವಳು, ಮಮತೆಯುಳ್ಳವಳು. ಶ್ರೀಮಂತನು ಹುಡುಗನನ್ನು ನಗರಕ್ಕೆ ಕರೆದೊಯ್ಯುವಾಗ ಆಕೆ ಬೇಡವೆನ್ನದೆ ಹರಸಿ ಕಳುಹಿಸಿಕೊಡುತ್ತಾಳೆ. ವಿದ್ಯೆಗಾಗಿ ಹೋದವನು ಆಕೆಯ ಗುಡಿಸಲನ್ನು ಹಿಂದಕ್ಕೆ ಬಿಟ್ಟೇ ಹೋಗಬೇಕು. ಓಡೆನ್ಸದಲ್ಲಿ ತಾಯಿಯನ್ನು ಬಿಟ್ಟು ಗಾಡಿ ಹತ್ತಿದ ಹದಿನಾಲ್ಕು ವರ್ಷದ ಹುಡುಗನ ಅಪರಾಧಭಾವವು ಇಲ್ಲಿ ಸ್ಪಷ್ಟವಾಗಿ ಮಿಡಿಯುತ್ತದೆ. ಸತ್ತ ತಾಯಿಯ ಪಾತ್ರದಲ್ಲಿ ಹೇಳಲಾಗದೆ ಉಳಿದುದನ್ನು ಸಾಕುತಾಯಿಯ ಪಾತ್ರವು ಹೇಳುತ್ತದೆ.

೫

ಕಾದಂಬರಿಯ ಇನ್ನೊಂದು ಅಂಶ ಇದಕ್ಕಿಂತಲೂ ತೀಕ್ಷ್ಣವಾದುದು. ತಾಯಿಯನ್ನು ತುಳಿದ ಗಾಡಿ ಯಾರದು? ಮುಂದೆ ಆಂಟೋನಿಯೊವನ್ನು ಓದಿಸಿ ಮುಂದಕ್ಕೆ ತರುವ ಶ್ರೀಮಂತನದೇ. ಅಪಘಾತದ ಪರಿಹಾರವಾಗಿ ಆತನು ಮೊದಲು ಇಪ್ಪತ್ತು ಸ್ಕೂದಿ ಹಣವನ್ನು ಕಳುಹಿಸುತ್ತಾನೆ. ಭಿಕ್ಷುಕನಾದ ಪೆಪ್ಪೊಗೆ ಹುಡುಗನ ಮೇಲೆ ಪ್ರೀತಿ ಉಕ್ಕುವುದು ಆ ಹಣದ ಕಾರಣದಿಂದ. ಹೀಗೆ ಅನಾಥತ್ವಕ್ಕೆ ಕಾರಣನಾದವನೇ ಆಶ್ರಯದಾತನೂ ಆಗಿ ಪರಿಣಮಿಸುತ್ತಾನೆ. ಕೋಪನ್‌ಹೇಗನ್ನಿನ ಆಶ್ರಯದಾತರಿಗೆ ಇಂಥ ಅಪರಾಧವಾವುದೂ ಅಂಟಿರಲಿಲ್ಲ. ಯೋನಾಸ್ ಕೊಲಿನ್ನನು ನಿಜವಾಗಿಯೂ ಉದಾರಿಯಾಗಿದ್ದನು. ಆದುದರಿಂದ ಈ ಘಟನೆಗೆ ಜೀವನದಲ್ಲಿ ಮೂಲವನ್ನು ಹುಡುಕಿದರೆ ದೊರೆಯುವುದಿಲ್ಲ. ಅದರ ಮೂಲ ಭಾವದಲ್ಲಿದೆ: ಮೇಲಿನ ವರ್ಗವು ಪ್ರತಿಭಾವಂತನಾದ ಬಡಹುಡುಗನನ್ನು ಎತ್ತಿಕೊಂಡಾಗ, ಅವನ ತಾಯಿ, ಅವನ ಮನೆ, ಅವನ ಆಡುಮಾತು ಎಲ್ಲವೂ ಗಾಲಿಯ ಕೆಳಗೆ ಬೀಳುತ್ತವೆ. ಅವನಿಗೆ ಬೆಲೆ ಕೊಟ್ಟವರು ಅವನ ಹಿಂದಿನ ಬದುಕಿಗೂ ಒಂದು ಬೆಲೆ ಕಟ್ಟಿ ತೀರಿಸಿಬಿಡುತ್ತಾರೆ.

ಕನ್ನಡದಲ್ಲಿ ‘ಋಣ’ ಮತ್ತು ‘ಹಂಗು’ ಎಂಬ ಎರಡು ಮಾತುಗಳಿವೆ. ಋಣವನ್ನು ತೀರಿಸಬಹುದು, ಕನಿಷ್ಠಪಕ್ಷ ತೀರಿಸಲು ಯತ್ನಿಸಬಹುದು. ಹಂಗು ಹಾಗಲ್ಲ, ಕೊಟ್ಟವನ ಕಣ್ಣಿನಲ್ಲಿ ಅದು ಪ್ರತಿದಿನವೂ ಹೊಸದಾಗುತ್ತದೆ. ‘ಆಶುಕವಿ’ಯ ಉತ್ತರಾರ್ಧವು ಹಂಗಿನ ವರ್ಣನೆಯೆಂದೇ ಹೇಳಬೇಕು. ನೇಪಲ್ಸಿನಲ್ಲಿ ಸಾವಿರಾರು ಜನರ ಚಪ್ಪಾಳೆ ಪಡೆದ ಆಂಟೋನಿಯೊ ರೋಮಿಗೆ ಮರಳಿದೊಡನೆ ಪುನಃ ಶಾಲೆಯ ಹುಡುಗನಾಗುತ್ತಾನೆ. ಬೊರ್ಗೆಸೆ ಮನೆತನದ ಫ್ರಾಂಚೆಸ್ಕಾ, ಆಕೆಯ ಪತಿ ಫಾಬಿಯಾನಿ, ಮನೆಗೆ ಬಂದುಹೋಗುವವರು—ಎಲ್ಲರೂ ಅವನನ್ನು ತಿದ್ದುವವರೇ. ಅವನ ನಡೆ, ಬಾಗುವ ರೀತಿ, ಮಾತಿನ ಓಟ ಯಾವುದೂ ಸರಿಯಿಲ್ಲ. ‘ದಾವೀದ’ ಎಂಬ ತನ್ನ ಕಾವ್ಯವನ್ನು ಆ ಮಂಡಲಿಯ ಮುಂದೆ ಓದಿದಾಗ ಅವರು ಅದನ್ನು ತುಂಡುತುಂಡಾಗಿ ಬಿಡಿಸಿ ದೋಷಗಳನ್ನು ಎಣಿಸುತ್ತಾರೆ. ಮಠಕ್ಕೆ ಮೀಸಲಾದ ಫ್ಲಾಮಿನಿಯಾ ಎಂಬ ಎಳೆಯ ಹುಡುಗಿಯೊಬ್ಬಳು ಮಾತ್ರ ಅವನನ್ನು ಮನುಷ್ಯನಂತೆ ಕಾಣುತ್ತಾಳೆ. ಈ ಆರು ವರ್ಷಗಳ ಪ್ರಕರಣವನ್ನು ಎಡ್ವರ್ಡನ ಪತ್ರದೊಡನೆ ಹೋಲಿಸಿ ಓದಿದರೆ ಲೇಖಕನ ಗಾಯ ಇನ್ನೂ ಹಸಿಯಾಗಿದ್ದಿತೆಂಬುದು ತಿಳಿಯುತ್ತದೆ.

ಇಲ್ಲಿ ಗಮನಾರ್ಹವಾದುದು ಆ ದಯಾಳುಗಳು ಯಾರೂ ದುಷ್ಟರಲ್ಲ ಎಂಬ ಸಂಗತಿ. ಅವರ ಉದ್ದೇಶ ಒಳ್ಳೆಯದು. ಅದಕ್ಕಾಗಿಯೇ ಅವರ ಮೇಲೆ ಕೋಪಿಸಿಕೊಳ್ಳುವ ಹಕ್ಕು ಆಂಟೋನಿಯೊಗೆ ಇಲ್ಲ. ಕೋಪವು ಕಣ್ಣೀರಾಗಿ, ಕಣ್ಣೀರು ಆತ್ಮನಿಂದೆಯಾಗಿ ಮಾರ್ಪಡುತ್ತದೆ. ನಾಯಕನು ಪದೇಪದೇ ಅಳುತ್ತಾನೆಂದು ಇಂದಿನ ಓದುಗರು ಬೇಸರಪಡಬಹುದು. ಆ ಅಳುವಿನ ಕಾರಣವನ್ನು ಕಂಡುಕೊಂಡವರು ಅಷ್ಟು ಬೇಗ ಬೇಸರಪಡಲಾರರು.

ಶಾಲೆಯ ಪ್ರಕರಣವನ್ನು ಆಂಡರ್ಸನ್ನನು ನಿರ್ವಹಿಸಿರುವ ಬಗೆ ಬೇರೆ. ಹಬ್ಬಾಸ್ ದಹ್ದಾ ಎಂಬ ಅಧ್ಯಾಪಕನು ಪೆತ್ರಾರ್ಕನನ್ನು ಆರಾಧಿಸಿ ದಾಂತೆಯನ್ನು ಹಳಿಯುವವನು. ಆಂಟೋನಿಯೊ ದಾಂತೆಯ ಮಹಾಕಾವ್ಯವನ್ನು ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡು ಗುಟ್ಟಾಗಿ ಓದುತ್ತಾನೆ. ಹಬ್ಬಾಸನಲ್ಲಿ ಒಬ್ಬರಿಗಿಂತ ಹೆಚ್ಚು ನಿಜವ್ಯಕ್ತಿಗಳ ಛಾಯೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಕವಿತೆ ಬರೆಯುವುದನ್ನು ನಿಷೇಧಿಸಿದ ಮೈಸ್ಲಿಂಗನ ನೆರಳು ಅಲ್ಲಿರುವುದಾದರೂ ಅದು ಭಯಂಕರವಾಗಿಲ್ಲ, ಹಾಸ್ಯಾಸ್ಪದವಾಗಿದೆ. ಬಹಿರಂಗವಾಗಿ ಕ್ರೂರನಾದವನನ್ನು ನಕ್ಕು ಗೆಲ್ಲಬಹುದು. ಪ್ರೀತಿಯಿಂದ ನೋಯಿಸುವವರನ್ನು ಹಾಗೆ ಗೆಲ್ಲುವುದು ಸಾಧ್ಯವಿಲ್ಲ. ಕಾದಂಬರಿಯು ಮೈಸ್ಲಿಂಗನಿಗಿಂತ ಕೊಲಿನ್ ಮನೆಯ ಕಡೆಗೇ ಹೆಚ್ಚು ವೇದನೆಯಿಂದ ತಿರುಗಿರುವುದಕ್ಕೆ ಇದೇ ಕಾರಣ. ಅಷ್ಟಾದರೂ ಗ್ರಂಥವನ್ನು ಆಂಡರ್ಸನ್ನನು ಅರ್ಪಿಸಿರುವುದು ಕೊಲಿನ್ ದಂಪತಿಗಳಿಗೇ. ಅವರಲ್ಲಿ ತಂದೆತಾಯಿಗಳನ್ನೂ ಅವರ ಮಕ್ಕಳಲ್ಲಿ ಒಡಹುಟ್ಟಿದವರನ್ನೂ ಕಂಡೆನೆಂಬುದು ಆ ಅರ್ಪಣೆಯ ತಾತ್ಪರ್ಯ. ಅರ್ಪಣೆಯೂ ನಿಜ, ಒಳಗಿನ ದೂರೂ ನಿಜ. ರೋಮಿನ ವೇಷ ತೊಡಿಸದೆ ಎರಡನ್ನೂ ಒಂದೇ ಸಂಪುಟದಲ್ಲಿ ಇರಿಸುವುದು ಆತನಿಗೆ ಶಕ್ಯವಿರಲಿಲ್ಲ.

ಆಶ್ರಯವಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೂ ಕೃತಿಯಲ್ಲಿ ಉತ್ತರವಿದೆ. ಗಾಯಕಿಯಾದ ಅನುನ್ಸಿಯಾತಾ ಆಂಟೋನಿಯೊನಷ್ಟೇ ಪ್ರತಿಭಾಶಾಲಿನಿ. ಆಕೆಯ ಕಂಠ ಕೆಟ್ಟಾಗ ಹಿಡಿದೆತ್ತುವವರಿಲ್ಲ. ವೆನಿಸಿನ ಬಡ ಕೋಣೆಯಲ್ಲಿ ಆಕೆಯ ಬಾಳು ಮುಗಿಯುತ್ತದೆ. ಹಂಗಿನಲ್ಲಿದ್ದವನು ಬದುಕಿದನು, ಹಂಗಿಲ್ಲದವಳು ಅಳಿದಳು: ಕೃತಿಯ ಸುಖಾಂತ್ಯದ ಪಕ್ಕದಲ್ಲಿಯೇ ಈ ಕಹಿಸತ್ಯವನ್ನೂ ಲೇಖಕನು ಇರಿಸಿದ್ದಾನೆ.

೬

ಇನ್ನು ಪದ್ಧತಿಯ ಪ್ರಶ್ನೆ. ಆಂಡರ್ಸನ್ನನ ಬಾಲ್ಯದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಭಾಗ ಆತನೇ ಹೇಳಿದ್ದು. ಆತನು ತನ್ನ ಜೀವನವನ್ನು ಹಲವು ಸಲ ಬರೆದನು. ಮೊದಲನೆಯದು ೧೮೩೨ರದು, ಅದನ್ನು ಪ್ರಕಟಿಸದೆ ಬಿಟ್ಟಿದ್ದನು, ೧೯೨೬ರಲ್ಲಿ ಹಾನ್ಸ್ ಬ್ರಿಕ್ಸ್ ಎಂಬ ವಿದ್ವಾಂಸನು ಅದನ್ನು ಬೆಳಕಿಗೆ ತಂದನು. ಎರಡನೆಯದು ೧೮೪೭ರಲ್ಲಿ ಜರ್ಮನ್ ಭಾಷೆಯಲ್ಲಿ, ಮೂರನೆಯದು ೧೮೫೫ರಲ್ಲಿ ಡೇನಿಷ್ ಭಾಷೆಯಲ್ಲಿ ಪ್ರಕಟವಾದವು. ಕಾದಂಬರಿಯು ಇವುಗಳ ನಡುವೆ, ೧೮೩೫ರಲ್ಲಿ, ನಿಂತಿದೆ.

ಈ ಕಾಲಕ್ರಮವು ಮುಖ್ಯವಾದುದು. ೧೮೫೫ರ ಆತ್ಮಕಥೆಯನ್ನು ಆಧಾರವಾಗಿ ಹಿಡಿದು ೧೮೩೫ರ ಕಾದಂಬರಿಯನ್ನು ವಿವರಿಸುವವರು ಮುಂದಿನದರಿಂದ ಹಿಂದಿನದನ್ನು ಅಳೆಯುತ್ತಾರೆ. ಕಾಣದ ಪ್ರೇಮಮಯ ಶಕ್ತಿಯೊಂದು ಬಡ ಬಾಲಕನನ್ನು ಕೈಹಿಡಿದು ನಡೆಸಿತೆಂಬ ಭಾವನೆ ೧೮೩೨ರ ಬರಹದಲ್ಲಿಯೂ ಉಂಟು. ಆದರೆ ಆಗ ಆತನಿಗೆ ಇಪ್ಪತ್ತೇಳು ವರ್ಷ, ಬಾಳು ಯಾವ ದಡ ಸೇರುವುದೆಂದು ತಿಳಿಯದು, ಕಥೆಗೆ ಮುಕ್ತಾಯವಿಲ್ಲ. ಆ ಮುಕ್ತಾಯವನ್ನು ಮೊದಲು ಕಲ್ಪಿಸಿಕೊಟ್ಟದ್ದು ಕಾದಂಬರಿ. ಆಂಟೋನಿಯೊ ಗೆದ್ದುದನ್ನು ಬರೆದು ಮುಗಿಸಿದ ಮೇಲೆ, ಆ ಬರಹದಿಂದಲೇ ಕೀರ್ತಿ ಬಂದ ಮೇಲೆ, ಆಂಡರ್ಸನ್ನನು ತನ್ನ ಬಾಳನ್ನೂ ಅದೇ ಅಚ್ಚಿನಲ್ಲಿ ಎರೆದು ೧೮೪೭ರಲ್ಲಿ ಜಗತ್ತಿಗೆ ನೀಡಿದನು. ಕಾದಂಬರಿಯು ಜೀವನವನ್ನು ಅನುಸರಿಸಿದೆಯೆನ್ನುವುದು ಅರ್ಧಸತ್ಯ. ಜೀವನದ ನಿರೂಪಣೆಯು ಕಾದಂಬರಿಯನ್ನು ಅನುಸರಿಸಿತು ಎಂಬುದು ಉಳಿದರ್ಧ. ಕಾದಂಬರಿಯಲ್ಲಿ ಇಲ್ಲದ ಕಾರೆನ್ ಮಾರಿಯಾ ಪ್ರಕಟಿತ ಆತ್ಮಕಥೆಯಲ್ಲಿಯೂ ಇಲ್ಲ. ೧೮೪೨ರಲ್ಲಿ ಆಕೆ ಬಡತನದಲ್ಲಿ ತಮ್ಮನನ್ನು ಅರಸಿಕೊಂಡು ಬಂದುದು ಜೀವನಚರಿತ್ರೆಕಾರರ ಶೋಧನೆಯಿಂದ ನಮಗೆ ತಿಳಿದುಬಂದಿದೆ.

ಈ ಸುಖಾಂತ್ಯದಲ್ಲಿ ಆಂಡರ್ಸನ್ನನಿಗೇ ಪೂರ್ಣ ವಿಶ್ವಾಸವಿದ್ದಂತೆ ಕಾಣದು. ೧೮೩೭ರ ‘ಬರಿಯ ಪಿಟೀಲುಗಾರ’ ಎಂಬ ಕಾದಂಬರಿಯಲ್ಲಿ ಇಂಥದೇ ಬಡ ಬಾಲಕನು ಆಶ್ರಯ ಸಿಕ್ಕದೆ ಅಜ್ಞಾತನಾಗಿ ಸಾಯುತ್ತಾನೆ. ನಿಜವಾದ ಪ್ರತಿಭೆಯು ಪರಿಸ್ಥಿತಿಗೆ ಹೀಗೆ ಶರಣಾಗುವುದಿಲ್ಲವೆಂದು ಕೀರ್ಕೆಗಾರ್ಡನು ೧೮೩೮ರಲ್ಲಿ ತನ್ನ ಮೊದಲ ಗ್ರಂಥದಲ್ಲಿಯೇ ಅದನ್ನು ಕಟುವಾಗಿ ಟೀಕಿಸಿದನು. ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ ತತ್ವಜ್ಞಾನಿಗೆ ಆ ಮಾತು ಸುಲಭ. ಸೇತುವೆಯ ಕೆಳಗೆ ಅತ್ತವಳ ಮಗನಿಗೆ ಅಷ್ಟು ಸುಲಭವಲ್ಲ.

೭

ಒಟ್ಟಿನಲ್ಲಿ, ಬಾಲ್ಯದ ಜ್ಞಾನವು ಈ ಕಾದಂಬರಿಯ ಓದಿಗೆ ನೆರವಾಗುವುದು ಎರಡರ ಹೋಲಿಕೆಗಳಿಗಿಂತ ಹೆಚ್ಚಾಗಿ ಅವುಗಳ ಅಂತರಗಳಲ್ಲಿ. ಎಲ್ಲಿ ಜೀವನವೂ ಕೃತಿಯೂ ಬೇರ್ಪಡುತ್ತವೆಯೋ—ಹೂವಿನ ನಡುವೆ ಸತ್ತ ತಾಯಿ, ಆಶ್ರಯದಾತನ ಗಾಡಿ, ನಗೆಪಾಟಲಾದ ಗುರು—ಅಲ್ಲಿಯೇ ಲೇಖಕನ ಮನಸ್ಸು ತೆರೆದುಕೊಳ್ಳುತ್ತದೆ. ಅಧ್ಯಾಪಕರು ವಿದ್ಯಾರ್ಥಿಗಳನ್ನು ಈ ಅಂತರಗಳ ಕಡೆಗೆ ತಿರುಗಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ತಾಯಿಗೆ ಕಾದಂಬರಿಯಲ್ಲಿ ಸಲ್ಲದೆ ಉಳಿದ ನ್ಯಾಯವು ಬಹುಕಾಲದ ಮೇಲೆ ಒಂದು ಸಣ್ಣ ಕಥೆಯಲ್ಲಿ ಸಂದಿತು. ೧೮೫೨ರ ‘ಕೆಲಸಕ್ಕೆ ಬಾರದವಳು’ ಎಂಬ ಆ ಕಥೆಯಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳು ಹೊಳೆಯ ತಣ್ಣೀರಿನಲ್ಲಿ ನಿಂತು ದುಡಿಯುತ್ತಾಳೆ, ಕುಡಿಯುತ್ತಾಳೆ, ಊರ ದೊಡ್ಡವರಿಂದ ನಿಂದೆಗೆ ಗುರಿಯಾಗಿ ಸಾಯುತ್ತಾಳೆ. ಇಂಥ ಹೆಂಗಸೊಬ್ಬಳ ವಿಷಯದಲ್ಲಿ ನಿಷ್ಠುರವಾಗಿ ತೀರ್ಪು ಕೊಡಬಾರದೆಂದು ತನ್ನ ತಾಯಿ ಹಿಂದೊಮ್ಮೆ ಆಡಿದ ಮಾತೇ ಆ ಕಥೆಯ ಬೀಜವೆಂದು ಆಂಡರ್ಸನ್ನನು ತಿಳಿಸಿದ್ದಾನೆ. ಆ ಕಥೆಯಲ್ಲಿ ಇಟಲಿಯೂ ಇಲ್ಲ, ಹೂವಿನ ಹಾಸೂ ಇಲ್ಲ. ಡೆನ್ಮಾರ್ಕಿನ ಹೊಳೆ, ಬಟ್ಟೆಯ ಗಂಟು, ತಾಯಿಗಾಗಿ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ಓಡುವ ಹುಡುಗ, ಇಷ್ಟೇ ಇವೆ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ರೋಮಿನಲ್ಲಿ ಕುಳಿತು ಬರೆಯಲಾರದುದನ್ನು ಬರೆಯಲು ಆತನಿಗೆ ಮತ್ತೆ ಸುಮಾರು ಇಪ್ಪತ್ತು ವರ್ಷ ಬೇಕಾಯಿತು.